ಇಪ್ಪತ್ತು ಸಲ ಬರೆದರೂ ಬಾರದ ಸ್ಪೆಲ್ಲಿಂಗ್

ಪ್ರಥಮ ಪಿಯುಸಿಯ ಮೊದಲ ಜೀವಶಾಸ್ತ್ರ ಕಿರುಪರೀಕ್ಷೆಯಲ್ಲಿ ನಾನು ‘ಫೋಟೋಸಿಂಥೆಸಿಸ್’ ಪದವನ್ನು ಎಫ್ ಅಕ್ಷರದಿಂದ ಶುರುಮಾಡಿದ್ದೆ. ದ್ಯುತಿಸಂಶ್ಲೇಷಣೆಯ ಬಗ್ಗೆ ಕನ್ನಡದಲ್ಲಿ ಕೇಳಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ವಿಭಾಗಕ್ಕೆ ಬಂದವರಿಗೆ ಈ ಸಂಕಟ ಗೊತ್ತು. ನನ್ನ ಜೊತೆ ಸೇರಿದ ಗೆಳತಿಯೊಬ್ಬಳು ಎರಡೇ ತಿಂಗಳಲ್ಲಿ ವಿಜ್ಞಾನ ಬಿಟ್ಟಳು. ಲೆಕ್ಕದಲ್ಲಿ ನನಗಿಂತ ಜಾಣೆ. ಅವಳನ್ನು ಹೆದರಿಸಿದ್ದು ಇಂಗ್ಲಿಷ್ ಪದಗಳು ಮಾತ್ರ.

ಹೈಸ್ಕೂಲಿನಲ್ಲಿ ನಮಗೆ ಇದಕ್ಕೆ ಒಂದೇ ಮದ್ದು: ತಪ್ಪಿದ ಪದವನ್ನು ಇಪ್ಪತ್ತು ಸಲ ಬರೆಯುವುದು. ನಾನು ಹೇಗೆ ಬರೆಯುತ್ತಿದ್ದೆ ಎಂದು ಈಗ ಹೇಳಬಹುದು. ಮೊದಲ ಅಕ್ಷರವನ್ನು ಮೇಲಿಂದ ಕೆಳಗೆ ಇಪ್ಪತ್ತು ಸಲ, ಆಮೇಲೆ ಎರಡನೆಯದನ್ನು, ಆಮೇಲೆ ಮೂರನೆಯದನ್ನು. ಪುಟ ತುಂಬುತ್ತಿತ್ತು, ಪದವನ್ನು ಒಮ್ಮೆಯೂ ನೋಡಿರುತ್ತಿರಲಿಲ್ಲ. ನೋಡಿ ಬರೆಯುವುದು ನಕಲು, ನೆನಪಲ್ಲ ಎಂಬುದು ನನ್ನ ಅಭಿಪ್ರಾಯ.

ಪದವನ್ನು ಮುಚ್ಚಿ, ನೆನಪಿನಿಂದ ಬರೆದು, ಆಮೇಲೆ ತೆರೆದು ನೋಡಬೇಕು. ತಪ್ಪಿದ ಅಕ್ಷರ ಆಗ ಕಣ್ಣಿಗೆ ಚುಚ್ಚುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಪಾಠದ ತುಣುಕುಗಳನ್ನು ಕೊಟ್ಟು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಮುಂದಿದ್ದರು. ನಮ್ಮ ಪರೀಕ್ಷೆಯಂತೂ ಐದು ನಿಮಿಷದ ನಂತರ ಬರುವುದಿಲ್ಲ.

ಮನೆಯಲ್ಲಿ ನನ್ನ ಬಳಿ ಮೂರು ಖಾಲಿ ಖರ್ಜೂರದ ಡಬ್ಬಿಗಳಿವೆ. ಹೊಸ ಪದದ ಚೀಟಿ ದಿನದ ಡಬ್ಬಿಯಲ್ಲಿ. ಸರಿಯಾಗಿ ಹೇಳಿದರೆ ಮೂರು ದಿನದ ಡಬ್ಬಿಗೆ, ಅಲ್ಲಿಂದ ವಾರದ ಡಬ್ಬಿಗೆ. ತಪ್ಪಿದರೆ ಮತ್ತೆ ಮೊದಲಿನದಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಪುಸ್ತಕ ಬರೆದು ಹೇಳಿದ ಉಪಾಯವಿದು. ಖರ್ಜೂರದ ಡಬ್ಬಿ ಮಾತ್ರ ನನ್ನದು. ಪರೀಕ್ಷಕಿ ಉಮ್ಮ. ಬೀಡಿ ಕಟ್ಟುತ್ತಾ ಮೊರದ ಅಂಚಿನಲ್ಲಿಟ್ಟ ಚೀಟಿ ನೋಡುತ್ತಾರೆ. ಪದದ ಅರ್ಥ ಅವರಿಗೆ ಗೊತ್ತಿಲ್ಲ, ಇಪ್ಪತ್ತಾರು ಅಕ್ಷರ ಗೊತ್ತು. ನಾನು ಒಂದು ಅಕ್ಷರ ತಪ್ಪಿದರೂ ಕೈ ನಿಲ್ಲಿಸದೆ “ಅಲ್ಲ” ಎನ್ನುತ್ತಾರೆ.

ಕನ್ನಡದಲ್ಲಿ ಹೆಚ್ಚುಕಡಿಮೆ ನುಡಿದಂತೆ ಬರೆಯುತ್ತೇವೆ. ಇಂಗ್ಲಿಷಿನಿಂದಲೂ ಅದನ್ನೇ ನಿರೀಕ್ಷಿಸಿ ಮೋಸಹೋಗುತ್ತೇವೆ. ಸಾಲ ಎಂಬ ಅರ್ಥದ ‘ಡೆಟ್’ನೊಳಗಿನ ಬಿ ಅಕ್ಷರವನ್ನು ಇಂಗ್ಲಿಷರು ಉಚ್ಚರಿಸುತ್ತಲೇ ಇರಲಿಲ್ಲ; ಲ್ಯಾಟಿನ್ ಮೂಲದ ನೆನಪಿಗೆ ಪಂಡಿತರು ಸೇರಿಸಿದ್ದು. ವಿಜ್ಞಾನದ ಪದಗಳು ಇಷ್ಟು ಹಟಮಾರಿಗಳಲ್ಲ. ಗ್ರೀಕಿನಲ್ಲಿ ‘ಫೋಟೋ’ ಬೆಳಕು, ‘ಫಿಲ್’ ಎಲೆ. ಗ್ರೀಕಿನಿಂದ ಬಂದ ಪದಗಳ ‘ಫ’ ಸಾಮಾನ್ಯವಾಗಿ ಪಿ-ಎಚ್. ಇಷ್ಟು ತಿಳಿದರೆ ಕ್ಲೋರೋಫಿಲ್, ಫಾಸ್ಫರಸ್, ಫೋಟಾನ್‌ಗಳಲ್ಲಿ ಎಫ್ ಬರೆಯಲು ಕೈ ಏಳುವುದಿಲ್ಲ. ಉಳಿದವಕ್ಕೆ ಏನಾದರೂ ಕುಂಟು ನೆಪ ಬೇಕು. ‘ಸೆಪರೇಟ್’ ನಡುವೆ ಇಲಿಯೊಂದು, ಆರ್-ಎ-ಟಿ, ಕೂತಿದೆ ಎಂದು ಸಹಪಾಠಿ ತೋರಿಸಿದ ಮೇಲೆ ಅದನ್ನು ತಪ್ಪಿಲ್ಲ.

ಮೊಬೈಲೇ ತಿದ್ದುತ್ತದಲ್ಲ ಎನ್ನುವವರಿದ್ದಾರೆ. ಪರೀಕ್ಷಾ ಕೊಠಡಿಗೆ ಅದನ್ನು ಒಯ್ಯಲು ಬಿಡುವುದಿಲ್ಲವಲ್ಲ!

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ವಿಜ್ಞಾನ ತರಗತಿಯ ಕೊನೆಯ ಐದು ನಿಮಿಷ ಐದು ಪದಗಳ ಡಿಕ್ಟೇಷನ್ ಕೊಡಿ, ಅದರಲ್ಲಿ ಎರಡು ಕಳೆದ ವಾರದವು ಇರಲಿ. ಅಂಕ ಬೇಡ, ಪಕ್ಕದವರೇ ತಿದ್ದಲಿ. ಮುಂದಿನ ಜೂನ್‌ನಲ್ಲಿ ಕನ್ನಡ ಮಾಧ್ಯಮದಿಂದ ಬರುವವರಿಗೆ ಮೊದಲ ವಾರದಿಂದಲೇ ಶುರುವಾಗಲಿ.

ಅಂದಹಾಗೆ, ‘ನೆಸೆಸರಿ’ ಇನ್ನೂ ನನ್ನ ದಿನದ ಡಬ್ಬಿಯಲ್ಲೇ ಇದೆ. ಒಂದು ಸಿ, ಎರಡು ಎಸ್. ನಿನ್ನೆಯೂ ಉಮ್ಮ “ಅಲ್ಲ” ಎಂದರು.