ಫಿಸಿಕ್ಸ್ ಹೇಳಿಕೊಡುವ ಅಕ್ಕಂದಿರು ಬೇಕು



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಚಿನಕುರಳಿ ಕಡೆಯ ಎಷ್ಟೋ ಮನೆಗಳಲ್ಲಿ ಕೇಳುವ ಮಾತಿದು: ಮಗನಿಗೆ ಅಂಕ ಕಡಿಮೆ ಬಂದಿದ್ದರೂ ಸೈನ್ಸ್, ಮಗಳಿಗೆ ಹೆಚ್ಚು ಬಂದಿದ್ದರೂ "ಆರ್ಟ್ಸೋ ಕಾಮರ್ಸೋ ಸಾಕು ಬಿಡವ್ವ, ಫಿಸಿಕ್ಸು ಕಷ್ಟ." ಹೆಣ್ಣಿಗೂ ಇಷ್ಟಲಿಂಗವೆಂದ, ಸೂತಕವಿಲ್ಲವೆಂದ ಬಸವಣ್ಣನವರ ಪಟ ಅದೇ ನಡುಮನೆಯ ಗೋಡೆಯ ಮೇಲಿರುತ್ತದೆ.

ಈ ಕಷ್ಟ ಹುಡುಗಿಯ ತಲೆಯದ್ದಲ್ಲ, ಪಾಠದ್ದು. ಪ್ರೌಢಶಾಲೆಗೆ ಪಿಸಿಎಂ, ಸಿಬಿಜೆಡ್ ಎಂದು ಎರಡು ಬಗೆಯ ಶಿಕ್ಷಕರು. ಪಿಸಿಎಂನವರಿಗೆ ಗಣಿತದಲ್ಲೇ ದಿನ ಮುಗಿದರೆ ಬೆಳಕು, ವಿದ್ಯುತ್ತಿನ ಪಾಠಗಳು ಜೀವವಿಜ್ಞಾನ ಓದಿದವರ ಪಾಲಿಗೆ ಬೀಳುತ್ತವೆ. ಅವರ ಶ್ರಮವನ್ನು ಹಳಿಯುತ್ತಿಲ್ಲ. ಆದರೆ ಪ್ರಿಸಂ, ಅಮ್ಮೀಟರು ಬೀರುವಿನಲ್ಲೇ ಉಳಿದು ಸೂತ್ರವೊಂದೇ ಬೋರ್ಡಿಗೆ ಬರುವುದುಂಟು. ಕನ್ನಂಬಾಡಿ ಕಟ್ಟೆಯ ಹತ್ತಿರ ಬೆಳೆದ ಹುಡುಗಿಗೆ ನೀರಿನ ಒತ್ತಡವನ್ನು ಬಾಯಿಪಾಠ ಮಾಡಿಸುವುದೆಂದರೆ! ಕಟ್ಟೆಯ ಬುಡ ಏಕೆ ಅಷ್ಟು ದಪ್ಪ ಎಂದು ಕೇಳಿದ್ದರೆ ಸಾಕಿತ್ತು.

ಹಾಗೆ ಕೇಳಬಲ್ಲ ಶಿಕ್ಷಕಿಯರು ನಮ್ಮ ಊರುಗಳಿಂದಲೇ ಬರಬೇಕು. ದಾರಿ ದೂರವಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ವಿಜ್ಞಾನ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಪಿಯುಸಿ ನಂತರ ಪ್ರವೇಶ ಪರೀಕ್ಷೆ ಬರೆದು ಸೇರಿದರೆ ನಾಲ್ಕು ವರ್ಷದಲ್ಲಿ ವಿಜ್ಞಾನ ಪದವಿಯೂ ಬಿ.ಇಡಿ.ಯೂ ಒಟ್ಟಿಗೆ ಕೈಗೆ ಬರುತ್ತವೆ. ಮೂರು ವರ್ಷದ ಪದವಿ, ಮೇಲೆ ಎರಡು ವರ್ಷದ ಬಿ.ಇಡಿ. ಎಂದರೆ ಐದು ವರ್ಷ. ಉಳಿಯುವ ಒಂದು ವರ್ಷ ಸಣ್ಣದೇನಲ್ಲ: ಪದವಿ ಮುಗಿದು ಬಿ.ಇಡಿ. ಸೇರುವ ಮೊದಲೇ ಅಲ್ಲವೇ ನಾವು ಗಂಡು ನೋಡಲು ಹೊರಡುವುದು?

1940ರಲ್ಲಿ ಅನ್ನಾ ಮಣಿ ಬೆಂಗಳೂರಿಗೆ ಬಂದು ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದರು. ಸ್ನಾತಕೋತ್ತರ ಪದವಿಯಿಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅಂದು ಅಡ್ಡ ಬಂದದ್ದು ನಿಯಮ. ಇಂದು ಅಡ್ಡ ನಿಂತಿರುವವರು ಮನೆಯವರು, ಅಂದರೆ ನಾವು.

ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಅಧಿಕಾರಿಗಳಾದವರಲ್ಲಿ ಬಹುಪಾಲು ಗಂಡುಮಕ್ಕಳು. ಪಿಯುಸಿ ವಿಜ್ಞಾನ ಓದುವ ಹೆಣ್ಣುಮಕ್ಕಳಿಗೂ ವಸತಿ, ಪ್ರಸಾದ, ಪ್ರವೇಶ ಪರೀಕ್ಷೆಯ ತರಬೇತಿ, ಇಷ್ಟು ದಾಸೋಹವಾಗಿ ಸಿಗಲಿ ಎಂದು ಪೂಜ್ಯರಲ್ಲಿ ನಮ್ಮ ಭಿನ್ನಹ. ಜಾತ್ರೆಯ ಪೆಂಡಾಲು, ಮೈಕುಗಳ ಖರ್ಚಿನಲ್ಲಿ ಒಂದು ಪಾಲು ಸಾಕಾದೀತು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಶರಣರು ಮುಂದಿನ ಮಾಸಿಕ ಅನುಭಾವಗೋಷ್ಠಿಯಲ್ಲೇ ಇದನ್ನು ಪ್ರಸ್ತಾಪಿಸಬೇಕು. ಪಿಯುಸಿ ಪ್ರವೇಶ ಮುಗಿಯುವ ಮೊದಲು.