ಕಡಲಿಲ್ಲದ ನಾಡಿಗೂ ಚಂಡಮಾರುತ: ಮೊದಲು ತಲುಪುವ ಕೈ ಯಾರದು?

ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದ ತಿಂಗಳುಗಳಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಮೇಲಿಂದ ಮೇಲೆ ಬರುತ್ತಿರುತ್ತದೆ. ದೂರದರ್ಶನದ ನಕಾಶೆಯಲ್ಲಿ ಚೆನ್ನೈ, ಕಡಲೂರು, ನಾಗಪಟ್ಟಿಣಗಳ ಮೇಲೆ ಕೆಂಪು ಬಣ್ಣ ಹರಡಿಕೊಳ್ಳುತ್ತದೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಾವು ಅದನ್ನು ನೋಡಿ ಮರುಗುತ್ತೇವೆ. ಆದರೆ ಅದು ಕಡಲಂಚಿನವರ ಪಾಡು, ನಮ್ಮದಲ್ಲ ಎಂಬ ನೆಮ್ಮದಿಯೂ ಮನಸ್ಸಿನ ಮೂಲೆಯಲ್ಲಿ ಇರುತ್ತದೆ. ಪಶ್ಚಿಮ ಘಟ್ಟದ ಮಡಿಲಿನಲ್ಲಿ, ಸಮುದ್ರದಿಂದ ದೂರದಲ್ಲಿ ಇರುವವರಿಗೆ ಈ ನೆಮ್ಮದಿ ಸಹಜ. ಅದು ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ಈಚಿನ ವರ್ಷಗಳ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

2024ರ ನವೆಂಬರ್ 30ರ ರಾತ್ರಿ ‘ಫೆಂಗಲ್’ ಚಂಡಮಾರುತವು ಪುದುಚೇರಿಯ ಬಳಿ ದಡ ಸೇರಿತು. ದಡ ಸೇರಿದ ಮೇಲೆ ಅದು ಬೇಗನೆ ಮುಂದೆ ಸರಿಯದೆ ಹಲವು ಗಂಟೆಗಳ ಕಾಲ ಅಲ್ಲಿಯೇ ನಿಂತಿತು. ಪುದುಚೇರಿಯಲ್ಲಿ ಒಂದೇ ದಿನ 46 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿದು ಸೇನೆಯನ್ನೇ ಕರೆಸಬೇಕಾಯಿತು. ಗಾಳಿಯ ಬಿರುಸು ತಗ್ಗಿ ಚಂಡಮಾರುತವು ದುರ್ಬಲಗೊಂಡಿತೆಂದು ಪ್ರಕಟಣೆ ಬಂದಾಗ ಅಪಾಯ ಕಳೆಯಿತೆಂದು ಅನೇಕರು ಭಾವಿಸಿದರು. ಆದರೆ ಬಿರುಗಾಳಿ ಅಡಗಿದರೂ ಅದು ಹೊತ್ತು ತಂದ ತೇವಾಂಶ ಅಡಗುವುದಿಲ್ಲ. ಆ ಮೋಡಗಳು ಒಳನಾಡಿನ ಮೇಲೆ ಸಾಗಿ ಬಂದವು. ಡಿಸೆಂಬರ್ 1ರಂದು ತಿರುವಣ್ಣಾಮಲೆಯಲ್ಲಿ ಬೆಟ್ಟದಿಂದ ಬಂಡೆ ಮತ್ತು ಮಣ್ಣು ಜಾರಿ ಮನೆಯೊಂದನ್ನು ಮುಚ್ಚಿದವು. ಏಳು ಮಂದಿ ಅಸುನೀಗಿದರು, ಅವರಲ್ಲಿ ಐವರು ಮಕ್ಕಳು. ಡಿಸೆಂಬರ್ 2ರ ಬೆಳಗಿನ ಹೊತ್ತಿಗೆ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 24 ಗಂಟೆಗಳ ಮಳೆ 50 ಸೆಂಟಿಮೀಟರ್ ಮುಟ್ಟಿತ್ತು. ರಸ್ತೆಬದಿಯಲ್ಲಿ ನಿಲ್ಲಿಸಿದ್ದ ವಾಹನಗಳು ನೀರಿನ ಸೆಳೆತಕ್ಕೆ ಕೊಚ್ಚಿಹೋದವು.

ಊತ್ತಂಗರೈಗೆ ಕಡಲಿಲ್ಲ. ಅದು ಹೊಸೂರು ಸೇರಿರುವ ಜಿಲ್ಲೆ; ಕನ್ನಡ ಶಾಲೆಗಳಿರುವ, ನಮ್ಮವರು ತಲೆಮಾರುಗಳಿಂದ ಬಾಳಿರುವ ಗಡಿ ಜಿಲ್ಲೆ. ಹೊಸೂರು, ಕೃಷ್ಣಗಿರಿಗಳನ್ನು ಹಾದುಹೋಗುವ ತೆನ್‌ಪೆಣ್ಣೈ ನದಿ ನಮಗೆ ದಕ್ಷಿಣ ಪಿನಾಕಿನಿ. ಅದು ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಅದೇ ನದಿಗೆ ಕಟ್ಟಿರುವ ಸಾತನೂರು ಅಣೆಕಟ್ಟಿನಿಂದ ಡಿಸೆಂಬರ್ 2ರ ನಸುಕಿನಲ್ಲಿ ಸುಮಾರು 1.68 ಲಕ್ಷ ಕ್ಯೂಸೆಕ್ಸ್ ನೀರನ್ನು ಹೊರಬಿಡಲಾಯಿತು. ಕೆಳಗಿನ ಊರುಗಳಿಗೆ ಮುನ್ನೆಚ್ಚರಿಕೆ ಸಾಕಷ್ಟು ಮೊದಲೇ ತಲುಪಿತೇ ಎಂಬ ವಿಚಾರದಲ್ಲಿ ವಿರೋಧ ಪಕ್ಷಗಳಿಗೂ ಸರ್ಕಾರಕ್ಕೂ ವಾಗ್ವಾದ ನಡೆಯಿತು. ಹಂತಹಂತವಾಗಿ ಎಚ್ಚರಿಕೆ ನೀಡಿದ್ದೇವೆಂದು ಸರ್ಕಾರ ಹೇಳಿತು. ಆ ವಾಗ್ವಾದದಲ್ಲಿ ಯಾರ ಪಕ್ಷವನ್ನೂ ವಹಿಸದೆ ಒಂದು ಮಾತನ್ನು ಹೇಳಬಹುದು. ಎಚ್ಚರಿಕೆ ಕೊಡುವುದು ಒಂದು ಕೆಲಸ, ಅದು ಮಲಗಿದ್ದ ಮನೆಯವರ ಕಿವಿಗೆ ಬಿದ್ದು ಅರ್ಥವಾಗುವುದು ಮತ್ತೊಂದು ಕೆಲಸ. ಮೊದಲನೆಯದು ನಡೆದ ಮಾತ್ರಕ್ಕೆ ಎರಡನೆಯದೂ ನಡೆಯಿತೆಂದು ಹೇಳಲಾಗದು.

ನಮ್ಮ ಎರಡು ಜಿಲ್ಲೆಗಳ ನೆನಪೂ ಇದಕ್ಕಿಂತ ಬೇರೆಯಾಗಿಲ್ಲ. 2011ರ ನವೆಂಬರಿನಲ್ಲಿ ತಿರುಪ್ಪೂರು ನಗರದೊಳಗಿನ ಹಳ್ಳಗಳು ಉಕ್ಕಿ ದಂಡೆಯ ಮೇಲಿದ್ದ ಬಡವರ ಮನೆಗಳು ಕೊಚ್ಚಿಹೋದವು, ಜೀವಗಳೂ ಹೋದವು. 2019ರ ಡಿಸೆಂಬರ್ 2ರ ನಸುಕಿನಲ್ಲಿ ಮೆಟ್ಟುಪಾಳ್ಯದ ನಡೂರಿನಲ್ಲಿ ಎತ್ತರದ ಕಲ್ಲಿನ ಕಾಂಪೌಂಡ್ ಗೋಡೆ ದಲಿತ ಕುಟುಂಬಗಳ ಮನೆಗಳ ಮೇಲೆ ಕುಸಿದು 17 ಮಂದಿ ನಿದ್ದೆಯಲ್ಲಿಯೇ ಪ್ರಾಣಬಿಟ್ಟರು. ಅಂದು ಚಂಡಮಾರುತ ಇರಲಿಲ್ಲ. ಈಶಾನ್ಯ ಮಾರುತದ ಮಳೆಯಷ್ಟೇ ಇತ್ತು. ಗೋಡೆಯ ಅಪಾಯವನ್ನು ಮೊದಲೇ ತಿಳಿಸಿದ್ದೆವೆಂದು ಅಲ್ಲಿಯ ನಿವಾಸಿಗಳು ಹೇಳಿದರು. ಪ್ರಕೃತಿಯ ವಿಕೋಪವೆಂದು ನಾವು ಕರೆಯುವ ಎಷ್ಟೋ ಸಾವುಗಳಲ್ಲಿ ಮಳೆಯ ಪಾಲಿಗಿಂತ ಮನುಷ್ಯನ ಅಲಕ್ಷ್ಯದ ಪಾಲು ದೊಡ್ಡದೆಂಬುದಕ್ಕೆ ನಡೂರು ಸಾಕ್ಷಿ. ಭವಾನಿ ನದಿಯ ಪಿಲ್ಲೂರು ಅಣೆಕಟ್ಟು ತನ್ನ 100 ಅಡಿಯ ಮಟ್ಟವನ್ನು ಸಮೀಪಿಸಿದಾಗಲೆಲ್ಲ ಮೆಟ್ಟುಪಾಳ್ಯದ ದಂಡೆಯವರು ಎಚ್ಚರದಿಂದಿರಬೇಕಾಗುತ್ತದೆ. ವಾಲ್ಪಾರೆಯ ತೋಟದ ಲೈನು ಮನೆಗಳವರಿಗೆ ಮಣ್ಣುಕುಸಿತದ ಭಯ. ನೊಯ್ಯಲ್ ದಂಡೆಯವರಿಗೆ ಚರಂಡಿಯಂತಾದ ನದಿ ಒಮ್ಮೆಲೇ ನದಿಯಾಗುವ ಭಯ. ಕಡಲಿಲ್ಲವೆಂಬ ನೆಮ್ಮದಿ ಇಲ್ಲಿ ಯಾವ ಉಪಯೋಗಕ್ಕೂ ಬಾರದು.

ಇನ್ನು ರಕ್ಷಣೆಗೆ ಧಾವಿಸುವವರ ವಿಚಾರ. ಈ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ಒಂದು ಹೆಮ್ಮೆಯ ಸ್ಥಾನವಿದೆ. ದಕ್ಷಿಣದಲ್ಲಿ ದೊಡ್ಡ ವಿಪತ್ತು ಬಂದಾಗ ಆಕಾಶದಿಂದ ನೆರವು ಹೊರಡುವ ಮುಖ್ಯ ನೆಲೆಗಳಲ್ಲಿ ಸೂಲೂರಿನ ವಾಯುಪಡೆ ನಿಲ್ದಾಣವೂ ಒಂದು. 2023ರ ಡಿಸೆಂಬರಿನಲ್ಲಿ ತೂತ್ತುಕುಡಿ, ತಿರುನೆಲ್ವೇಲಿ ಜಿಲ್ಲೆಗಳು ಜಲಾವೃತವಾಗಿ, ಕಾಯಲ್‌ಪಟ್ಟಿಣದಲ್ಲಿ ಒಂದೇ ದಿನ ಸುಮಾರು 95 ಸೆಂಟಿಮೀಟರ್ ಮಳೆಯಾದಾಗ ವಾಯುಪಡೆಯ ಹೆಲಿಕಾಪ್ಟರುಗಳು ಸೂಲೂರಿನಿಂದ ಹಾರಿದವು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಿನಡಿ ಸೇರಿದ ಬೆಳಿಗ್ಗೆಯೂ ಇಲ್ಲಿಂದಲೇ ಹೆಲಿಕಾಪ್ಟರುಗಳು ಹೊರಟವು. ಅಲ್ಲಿ ಹೊಳೆಗೆ ಅಡ್ಡಲಾಗಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಹಗಲಿರುಳು ದುಡಿದು ಆಗಸ್ಟ್ 1ರಂದು ಮುಗಿಸಿಕೊಟ್ಟವರು ಬೆಂಗಳೂರು ಕೇಂದ್ರವಾಗಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು. ಭಾಷೆಯ ಗಡಿ, ರಾಜ್ಯದ ಗಡಿ ಇಂಥ ಹೊತ್ತಿನಲ್ಲಿ ಅಡ್ಡಬರುವುದಿಲ್ಲ.

ಹೆಲಿಕಾಪ್ಟರಿನಿಂದ ಹಗ್ಗ ಇಳಿಬಿಡುವ ದೃಶ್ಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ ರಕ್ಷಕರೂ ಇದ್ದಾರೆ. 2018ರ ನವೆಂಬರ್ 16ರ ನಸುಕಿನಲ್ಲಿ ವೇದಾರಣ್ಯದ ಹತ್ತಿರ ದಡ ಸೇರಿದ ‘ಗಜ’ ಚಂಡಮಾರುತವು ಕಾವೇರಿ ಮುಖಜಭೂಮಿಯ ಜಿಲ್ಲೆಗಳಲ್ಲಿ ಲಕ್ಷಾಂತರ ತೆಂಗಿನಮರಗಳನ್ನೂ ಒಂದು ಲಕ್ಷಕ್ಕೂ ಹೆಚ್ಚು ವಿದ್ಯುತ್ ಕಂಬಗಳನ್ನೂ ಕೆಡವಿತು. ಆ ಕಂಬಗಳನ್ನು ಮತ್ತೆ ನಿಲ್ಲಿಸಲು ಕೊಯಮತ್ತೂರು ಮೊದಲಾದ ಜಿಲ್ಲೆಗಳಿಂದ ಲೈನ್‌ಮನ್‌ಗಳು ಹೋದರು. ಕೇರಳದ ವಿದ್ಯುತ್ ಮಂಡಳಿಯವರೂ ಬಂದರು. ಮೊಣಕಾಲುದ್ದದ ಕೆಸರು ನೀರಿನ ಗದ್ದೆಗಳಲ್ಲಿ ಕಂಬ ಹೊತ್ತು ನಡೆದವರು ಅವರು. 2023ರ ಡಿಸೆಂಬರಿನಲ್ಲಿ ‘ಮಿಚಾಂಗ್’ ಚಂಡಮಾರುತ ಚೆನ್ನೈಯನ್ನು ಮುಳುಗಿಸಿದಾಗ ಕೊಯಮತ್ತೂರಿನ ಪೌರಕಾರ್ಮಿಕರು ಬಸ್ಸು ಹತ್ತಿ ಹೋಗಿ ಆ ನಗರದ ಕಸವನ್ನೂ ಕೆಸರನ್ನೂ ಬಾಚಿದರು. ನೀರು ಇಳಿದ ಮೇಲೆ ರೋಗ ಹರಡದಂತೆ ತಡೆಯುವುದೂ ಜೀವರಕ್ಷಣೆಯೇ. ಇವರಿಗೆ ಪದಕವಿಲ್ಲ; ಗಟ್ಟಿಯಾದ ಕೈಗವಸು, ಬೂಟು, ಮಲಗಲು ಒಣಗಿದ ಜಾಗ, ದುಡಿದ ದಿನಗಳಿಗೆ ತಕ್ಕ ಭತ್ಯೆ ಇವನ್ನಾದರೂ ಕೇಳದೆ ಕೊಡುವುದು ಆಡಳಿತದ ಕರ್ತವ್ಯ. ರಕ್ಷಕರನ್ನು ಹೊಗಳುವುದು ಸುಲಭ, ರಕ್ಷಿಸುವುದು ಕಷ್ಟ.

ಆದರೂ ಒಂದು ಲೆಕ್ಕವನ್ನು ಮರೆಯುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಅನ್ವಯ ರೂಪುಗೊಂಡ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ನಾಲ್ಕನೆಯ ಬೆಟಾಲಿಯನ್ ಇರುವುದು ಅರಕ್ಕೋಣದಲ್ಲಿ. ಅಲ್ಲಿಂದ ಕೊಯಮತ್ತೂರಿಗೆ 400 ಕಿಲೋಮೀಟರಿಗೂ ಹೆಚ್ಚಿನ ದೂರ. ಮಳೆಯ ಮುನ್ಸೂಚನೆ ಇದ್ದಾಗ ತಂಡಗಳನ್ನು ಮುಂಚಿತವಾಗಿ ಕಳುಹಿಸುವ ವಾಡಿಕೆ ಇದೆ, ನಿಜ. ಆದರೆ ಗೋಡೆ ಕುಸಿಯುವುದಕ್ಕೆ, ಹಳ್ಳ ಉಕ್ಕುವುದಕ್ಕೆ ಮುನ್ಸೂಚನೆಯ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಅಂಥ ಮೊದಲ ಗಂಟೆಯಲ್ಲಿ ತಲುಪುವ ಕೈ ನೆರೆಮನೆಯವರದು. 2018ರ ಆಗಸ್ಟಿನ ಕೇರಳದ ಮಹಾಪ್ರವಾಹದಲ್ಲಿ 650ಕ್ಕೂ ಹೆಚ್ಚು ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಉಳಿಸಿದ ಮೀನುಗಾರರು ಯಾವ ಪಡೆಗೂ ಸೇರಿದವರಲ್ಲ. ಈ ಸತ್ಯವನ್ನು ಒಪ್ಪಿಕೊಂಡೇ ಕೇಂದ್ರ ಸರ್ಕಾರ ‘ಆಪದ ಮಿತ್ರ’ ಯೋಜನೆಯ ಮೂಲಕ ದೇಶದ 350 ಜಿಲ್ಲೆಗಳಲ್ಲಿ 1 ಲಕ್ಷ ಸ್ವಯಂಸೇವಕರಿಗೆ ತರಬೇತಿ ನೀಡುವ ಗುರಿ ಇಟ್ಟುಕೊಂಡಿತು.

ನಮ್ಮ ನಾಡಿನಲ್ಲಿ ಇದು ಹೊಸ ವಿಚಾರವೇನೂ ಅಲ್ಲ. ಕನ್ನಡದ ಹುಯಿಲು ಎಂಬ ಮಾತಿಗೆ ಆಪತ್ತಿನ ಕೂಗು ಎಂಬ ಅರ್ಥವಿದೆ. ಕೂಗು ಕೇಳಿದೊಡನೆ ಓಡಿಹೋಗಿ ಊರಿನ ದನಕರುಗಳನ್ನೂ ಹೆಂಗಸರು ಮಕ್ಕಳನ್ನೂ ಕಾಪಾಡುತ್ತ ಮಡಿದವರಿಗೆ ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸಿದರು. ತಮಿಳಿನಲ್ಲಿ ಚಂಡಮಾರುತಕ್ಕೆ ಪುಯಲ್ ಎನ್ನುತ್ತಾರೆ. ಎರಡು ಮಾತುಗಳ ಮೂಲ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಪುಯಲ್ ಎಂದು ಒಂದು ಭಾಷೆಯಲ್ಲಿ ಕೇಳಿದಾಗ ಮತ್ತೊಂದು ಭಾಷೆಯ ಮನೆಯಲ್ಲಿ ಹುಯಿಲು ಏಳಬೇಕು, ಎಲ್ಲರೂ ಎಚ್ಚೆತ್ತುಕೊಳ್ಳಬೇಕು. ಕನ್ನಡ ಮನೆಗಳಿಗೆ ಸಂಬಂಧಿಸಿದ ನಿಜವಾದ ಪ್ರಶ್ನೆ ಇಲ್ಲಿಯೇ ಇದೆ.

ಧ್ವನಿವರ್ಧಕದಲ್ಲಿ ಬರುವ ಎಚ್ಚರಿಕೆ ತಮಿಳಿನಲ್ಲಿ ಇರುತ್ತದೆ. ಅದು ಸಹಜ, ಅದರ ಬಗ್ಗೆ ನಮ್ಮ ತಕರಾರಿಲ್ಲ. 2006ರ ತಮಿಳು ಕಲಿಕಾ ಕಾಯಿದೆ ಬಂದ ಮೇಲೆ ಶಾಲೆಗೆ ಹೋಗುವ ನಮ್ಮ ಮಕ್ಕಳು ತಮಿಳನ್ನು ಓದಿ ಬರೆಯಬಲ್ಲರು. ಆದರೆ ಮನೆಯ ಅಜ್ಜಿಗೆ, ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ಸೊಸೆಗೆ, ಕೂಲಿಗಾಗಿ ಈಚೆಗೆ ಬಂದು ನೆಲೆಸಿದವರಿಗೆ ಬಜಾರಿನ ತಮಿಳು ಗೊತ್ತಿದ್ದರೂ ಪ್ರಕಟಣೆಯ ತಮಿಳು ಗೊತ್ತಿರಬೇಕೆಂದಿಲ್ಲ. ‘ತಾಳ್ವಾನ ಪಗುದಿ’ ಎಂದರೆ ತಗ್ಗುಪ್ರದೇಶ. ‘ವೆಳ್ಳಂ’ ಎಂದರೆ ನೆರೆ. ‘ನಿಲಚ್ಚರಿವು’ ಎಂದರೆ ಭೂಕುಸಿತ. ‘ನಿವಾರಣ ಮುಗಾಂ’ ಎಂದರೆ ಪರಿಹಾರ ಶಿಬಿರ. ‘ಎಚ್ಚರಿಕ್ಕೈ’ ಮಾತ್ರ ನಮ್ಮ ಎಚ್ಚರಿಕೆಯೇ. ಈ ನಾಲ್ಕೈದು ಮಾತುಗಳು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೆ ರಾತ್ರಿಯ ಒಂದು ಪ್ರಕಟಣೆಯಿಂದ ಒಂದು ಕುಟುಂಬ ಉಳಿಯಬಹುದು.

ಭಾಷಾ ಅಲ್ಪಸಂಖ್ಯಾತರು ಜನಸಂಖ್ಯೆಯ ಶೇ. 15ರಿಂದ 20ರಷ್ಟು ಇರುವೆಡೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ದೊರೆಯಬೇಕೆಂಬ ಒಪ್ಪಂದ ದೇಶದಲ್ಲಿ ಬಹಳ ಹಿಂದಿನಿಂದ ಇದೆ. ನಮ್ಮ ಎರಡು ಜಿಲ್ಲೆಗಳಲ್ಲಿ ಕನ್ನಡಿಗರು ಆ ಪ್ರಮಾಣದಲ್ಲಿ ಇಲ್ಲ. ಆದರೆ ನೆರೆ ನೀರು ಶೇಕಡಾವಾರು ನೋಡಿ ಮನೆಯೊಳಗೆ ನುಗ್ಗುವುದಿಲ್ಲ. ಜೀವ ಉಳಿಸುವ ಮಾತಿಗೆ ಈ ಲೆಕ್ಕವನ್ನು ಹಚ್ಚಬಾರದು. ಕನ್ನಡ, ತೆಲುಗು, ಮಲಯಾಳ ಮನೆಗಳು ಒತ್ತಾಗಿರುವ ಬೀದಿಗಳಲ್ಲಿ, ಉತ್ತರ ಭಾರತದ ಕಾರ್ಮಿಕರು ತುಂಬಿರುವ ತಿರುಪ್ಪೂರಿನ ಬಡಾವಣೆಗಳಲ್ಲಿ ಆಯಾ ಭಾಷೆಯಲ್ಲಿ ಎರಡು ಸಾಲಿನ ಎಚ್ಚರಿಕೆ ಓದಿಸುವುದು ಜಿಲ್ಲಾಡಳಿತಕ್ಕೆ ಹೊರೆಯಾಗದು. ಇದನ್ನು ವಿನಯದಿಂದಲೂ ದೃಢವಾಗಿಯೂ ಕೇಳುವುದು ನಮ್ಮ ಸಂಘಗಳ ಕೆಲಸ.

ಆಡಳಿತ ಮಾಡುವವರೆಗೆ ಕಾಯದೆ ನಾವೇ ಮಾಡಬಹುದಾದುದೂ ಇದೆ. ಮಕ್ಕಳು ಎರಡು ಭಾಷೆಯನ್ನು ಬಲ್ಲವರು. ಪ್ರಕಟಣೆಯನ್ನು ಮನೆಯ ಹಿರಿಯರಿಗೂ ಅಕ್ಕಪಕ್ಕದವರಿಗೂ ಕನ್ನಡದಲ್ಲಿ ಹೇಳುವುದನ್ನು ಅವರಿಗೆ ಕಲಿಸಬಹುದು. ಹಾಗೆಂದು ಹೊಣೆಯನ್ನೆಲ್ಲ ಮಕ್ಕಳ ತಲೆಗೆ ಕಟ್ಟುವುದು ಸಲ್ಲದು. ಹೊರಡುವ ತೀರ್ಮಾನ ಹಿರಿಯರದೇ ಆಗಿರಬೇಕು, ಮತ್ತು ಅದು ನೀರು ಹೊಸ್ತಿಲಿಗೆ ಬರುವ ಮೊದಲೇ ಆಗಿರಬೇಕು. ಶಾಲೆಯ ಪಾಲಕರ ಸಭೆಯಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬಹುದು: ಹತ್ತಿರದ ಪರಿಹಾರ ಶಿಬಿರ ಯಾವುದು, ಯಾವ ಗೋಡೆ ಬಿರುಕು ಬಿಟ್ಟಿದೆ, ಯಾವ ಹಳ್ಳ ಒತ್ತುವರಿಯಾಗಿದೆ, ನಡೆಯಲಾರದ ಹಿರಿಯರು ಯಾವ ಮನೆಯಲ್ಲಿದ್ದಾರೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ರಾಜ್ಯದ 1070, ಅಗ್ನಿಶಾಮಕ ದಳದ 101, ಆಂಬುಲೆನ್ಸಿನ 108, ತುರ್ತು ನೆರವಿನ 112 ಈ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಬಹುದು. ಪಡಿತರ ಚೀಟಿ, ಆಧಾರ್, ಮಕ್ಕಳ ಅಂಕಪಟ್ಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಹುದು. ಆಪದ ಮಿತ್ರ ತರಬೇತಿಗೆ ನಮ್ಮ ಯುವಕ ಯುವತಿಯರ ಹೆಸರು ಕೊಡಬಹುದು.

ಮುಂದಿನ ಚಂಡಮಾರುತ ಎಲ್ಲಿ ದಡ ಸೇರುವುದೆಂಬುದನ್ನು ಹವಾಮಾನ ಇಲಾಖೆ ಕೆಲವು ದಿನಗಳ ಮುಂಚೆ ಹೇಳಬಲ್ಲದು. ಅದರ ಮಳೆ ಯಾವ ಬೀದಿಯ ಯಾವ ಗೋಡೆಯನ್ನು ಕೆಡವುವುದೆಂದು ಹೇಳಬಲ್ಲವರು ಆ ಬೀದಿಯಲ್ಲಿರುವವರು ಮಾತ್ರ. ಸೂಲೂರಿನಿಂದ ಹೆಲಿಕಾಪ್ಟರು ಹೊರಡುವುದಕ್ಕೂ ಅರಕ್ಕೋಣದಿಂದ ಪಡೆ ಬರುವುದಕ್ಕೂ ಸಮಯ ಬೇಕು. ಅಷ್ಟು ಸಮಯ ಜೀವ ಹಿಡಿದಿರುವಂತೆ ಪರಸ್ಪರ ನೋಡಿಕೊಳ್ಳುವುದು, ಯಾವ ಭಾಷೆಯ ಮನೆಯಾದರೂ ಸರಿ ಬಾಗಿಲು ತಟ್ಟಿ ಎಬ್ಬಿಸುವುದು, ನೆರೆಹೊರೆಯವರಾದ ನಮ್ಮೆಲ್ಲರ ಪಾಲಿನ ರಕ್ಷಣಾ ಕಾರ್ಯ.