ಹೆಂಗಸು ಹೋದರೆ ಕಳಂಕ, ಗಂಡಸು ಹೋಗುವುದೇ ಇಲ್ಲ

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿಗೆ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆ. ಆಸ್ಪತ್ರೆ ಅವಳನ್ನು ಗುಣಪಡಿಸಿ ಮನೆಗೆ ಕಳಿಸುತ್ತದೆ. ಮನೆಯವರು ಮಾತ್ರ ಅದನ್ನು ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಗಂಡ ದೂರ ಸರಿಯುತ್ತಾನೆ, ನೆರೆಹೊರೆಯವರು ಪಿಸುಗುಡುತ್ತಾರೆ, ಅವಳು ಮತ್ತೆ ಕುಸಿಯುತ್ತಾಳೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು ಈ ಕಥೆಯನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ಅತ್ತವರಿಗೆ ಲೆಕ್ಕವಿಲ್ಲ. ಅಷ್ಟು ಅತ್ತ ಊರು ಮನೋವೈದ್ಯರ ಬಾಗಿಲು ತಟ್ಟಲು ಮಾತ್ರ ಇವತ್ತಿಗೂ ಹಿಂಜರಿಯುತ್ತದೆ.

ಮೈಸೂರಿನಲ್ಲಿ ನೆರವಿಗೇನೂ ಬರವಿಲ್ಲ. ಮನಶ್ಶಾಸ್ತ್ರಕ್ಕೆಂದೇ ವಿಭಾಗ ತೆರೆದ ಮೊದಮೊದಲ ಭಾರತೀಯ ವಿಶ್ವವಿದ್ಯಾಲಯಗಳಲ್ಲಿ ಮೈಸೂರಿನದೂ ಒಂದು. 1924ರಲ್ಲಿ ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ ಮುಂದೆ ಇಲ್ಲಿ ಆಕಾಶವಾಣಿಯನ್ನೂ ಆರಂಭಿಸಿದರು. ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್‌ಎಸ್‌ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ವಿಭಾಗವಿದೆ. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಾನಸಿಕ ತೊಂದರೆ ಇರುವವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಕಾಯಿಲೆಗೆ ತಕ್ಕಂತೆ ಈ ಕೊರತೆ ಶೇ 70ರಿಂದ 90ರ ಆಸುಪಾಸಿನವರೆಗೂ ಇದೆ.

ಹೆಂಗಸರ ಅಂಜಿಕೆಗೆ ಗಟ್ಟಿಯಾದ ಕಾರಣವಿದೆ. ಮದುವೆಯಾಗದ ಹುಡುಗಿ ಮಾತ್ರೆ ನುಂಗುತ್ತಿದ್ದಾಳೆಂದು ತಿಳಿದರೆ ಬಂದ ಸಂಬಂಧ ಮುರಿಯುತ್ತದೆ. ಮದುವೆಯಾದವಳಾದರೆ ಆ ಮಾತ್ರೆಯ ಚೀಟಿಯೇ ಕೋರ್ಟಿಗೆ ಹೋಗಬಹುದು, ಏಕೆಂದರೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮನೋವ್ಯಾಧಿಯೂ ವಿಚ್ಛೇದನಕ್ಕೆ ಒಂದು ಆಧಾರ. ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿಯೊಂದೇ ಇದಕ್ಕೆ ಸಾಲದು, ಜತೆಯಲ್ಲಿ ಬಾಳಲಾಗದಷ್ಟು ಕಾಯಿಲೆ ತೀವ್ರವಾಗಿದೆಯೇ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆ ತೀರ್ಪು ವಕೀಲರಿಗೆ ಗೊತ್ತು, ಅತ್ತೆ ಮನೆಗೆ ಗೊತ್ತಿಲ್ಲ. ಹಾಗಾಗಿ ಹೆಣ್ಣುಮಕ್ಕಳು ತಲೆನೋವು, ಸುಸ್ತು, ಗ್ಯಾಸ್ಟ್ರಿಕ್ ಎಂದು ಬೇರೆ ಬೇರೆ ಡಾಕ್ಟರ ಹತ್ತಿರ ಅಲೆಯುತ್ತಾರೆ. ಒಬ್ಬಳೇ ಹೋಗಿಬರುವ ದುಡ್ಡು, ಬಿಡುವು ಇಲ್ಲದವಳನ್ನು ಯಾರಾದರೂ ಕರೆದುಕೊಂಡೇ ಹೋಗಬೇಕು. ಅಡುಗೆ ನಿಂತಾಗ, ಮಗುವನ್ನು ಎತ್ತಿಕೊಳ್ಳದಿದ್ದಾಗ ಮನೆಯವರು ಎಚ್ಚೆತ್ತುಕೊಳ್ಳುತ್ತಾರೆ. ಅಲ್ಲಿಯವರೆಗೆ ಅವಳು ಬೆಂದದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಗಂಡಸಿನದು ಬೇರೆಯದೇ ಸಂಕಟ. ‘ಮನಸ್ಸು ಗಟ್ಟಿ ಮಾಡ್ಕೋ, ಹೆಂಗಸಿನ ಥರ ಅಳಬೇಡ’ ಎನ್ನುವ ಮಾತು ಅವನಿಗೆ ಹುಡುಗನಾಗಿದ್ದಾಗಿನಿಂದ ಅಭ್ಯಾಸ. ದುಡಿದು ತರುವವನು ಕುಸಿಯಬಾರದು, ಕುಸಿದರೂ ತೋರಿಸಬಾರದು. ನೋವು ಬಾಟಲಿಯಲ್ಲಿ ಮುಳುಗುತ್ತದೆ. ಅದೇ ಸಮೀಕ್ಷೆಯಲ್ಲಿ ಮದ್ಯದ ವ್ಯಸನ ಗಂಡಸರಲ್ಲಿ ಸುಮಾರು ಶೇ 9, ಹೆಂಗಸರಲ್ಲಿ ಶೇ 0.5. ಆ ವ್ಯಸನಿಗಳಲ್ಲಿ ಚಿಕಿತ್ಸೆ ಪಡೆಯದವರು ಶೇ 86. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ 1,22,724 ಮಂದಿ ಗಂಡಸರು. ಆತ್ಮಹತ್ಯೆಗೆ ಕಾರಣ ಒಂದೇ ಇರುವುದಿಲ್ಲ. ಸಾಲ, ಕಾಯಿಲೆ, ಸಂಸಾರದ ಜಗಳ ಎಲ್ಲವೂ ಕೂಡಿಕೊಳ್ಳುತ್ತವೆ. ಆದರೆ ಇವರಲ್ಲಿ ಎಷ್ಟು ಜನ ಬಾಯಿಬಿಟ್ಟು ಯಾರಿಗಾದರೂ ಹೇಳಿಕೊಂಡಿದ್ದರು ಎಂಬ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ.

ಹೇಳಿಕೊಂಡವರೂ ಇದ್ದಾರೆ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ 2015ರಲ್ಲಿ ಮಾತಾಡಿದರು. ಕರ್ನಾಟಕದ ಕ್ರಿಕೆಟಿಗ ರಾಬಿನ್ ಉತ್ತಪ್ಪ, 2009ರಿಂದ 2011ರ ನಡುವೆ ಸಾಯುವ ಯೋಚನೆಗಳು ತಮ್ಮನ್ನು ಕಾಡಿದ್ದನ್ನೂ ಹೊರಗಿನ ನೆರವು ಪಡೆದು ಚೇತರಿಸಿಕೊಂಡದ್ದನ್ನೂ 2020ರಲ್ಲಿ ಬಿಚ್ಚಿಟ್ಟರು. ಬೌಲರ್‌ಗಳಿಗೆ ಎದೆಯೊಡ್ಡಿ ಕ್ರೀಸ್ ಬಿಟ್ಟು ಮುನ್ನುಗ್ಗುತ್ತಿದ್ದ ಬ್ಯಾಟ್ಸ್‌ಮನ್ ಹಾಗೆ ಹೇಳಿದ್ದನ್ನು ಪ್ರತಿ ಹೈಸ್ಕೂಲಿನ ಹುಡುಗರಿಗೂ ತಿಳಿಸಬೇಕು.

ಆದರೆ ಧೈರ್ಯವನ್ನೆಲ್ಲ ರೋಗಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ, ವ್ಯವಸ್ಥೆಯೂ ಬದಲಾಗಬೇಕು. ಚೆಲುವಾಂಬ ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಬಾಣಂತಿಯನ್ನೂ ರಕ್ತಹೀನತೆಯ ಬಗ್ಗೆ ಕೇಳುವಷ್ಟೇ ಸಹಜವಾಗಿ ‘ನಿದ್ದೆ ಬರುತ್ತಾ, ಅಳು ಬರುತ್ತಾ’ ಎಂದು ಕೇಳಬೇಕು. ಎಲ್ಲರನ್ನೂ ಕೇಳಿದಾಗ ಯಾರೊಬ್ಬಳೂ ಬೇರೆಯಾಗಿ ಕಾಣುವುದಿಲ್ಲ. ಮನೋವೈದ್ಯರ ಹೊರರೋಗಿ ವಿಭಾಗ ವಾರಕ್ಕೆರಡು ದಿನವಾದರೂ ಸಂಜೆ ತೆರೆದಿರಬೇಕು, ಏಕೆಂದರೆ ದಿನಗೂಲಿಯವನು ಬೆಳಗಿನ ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಹೋಗುತ್ತದೆ. ರೋಗಿಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಅದನ್ನು ಒಪಿಡಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು, ಸಾಲಿನಲ್ಲಿ ಹೆಸರಿನ ಜತೆ ಕಾಯಿಲೆಯನ್ನೂ ಕೂಗುವುದು ಎಲ್ಲಿಯೇ ಇದ್ದರೂ ನಿಲ್ಲಬೇಕು.

ಮನೆ ಬಿಟ್ಟು ಹೊರಡಲಾಗದವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಬೆನ್ನೆಲುಬು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ನಂಬರು ಈಗ ಕಾಣಬೇಕಾದದ್ದು ಸಾರಿಗೆ ಡಿಪೋಗಳ ವಿಶ್ರಾಂತಿ ಕೋಣೆಯಲ್ಲಿ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕ್ಯಾಂಟೀನುಗಳಲ್ಲಿ, ಆಟೊ ಸ್ಟ್ಯಾಂಡಿನಲ್ಲಿ, ದೇವರಾಜ ಮಾರುಕಟ್ಟೆಯ ಹಮಾಲಿಗಳು ಕೂರುವ ಕಟ್ಟೆಯ ಹತ್ತಿರ. ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಇದು ಒಂದು ವಾರದ ಕೆಲಸ.